ಇಂಗ್ಲೀಷಿನ ನುಡಿಗಟ್ಟುಗಳೂ ನಮ್ಮ ವಿದ್ಯಾರ್ಥಿನಿಯರೂ

ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ಹಿತೋಪದೇಶವನ್ನು ಬರೆಯುವುದು ಮುಖ್ಯೋಪಾಧ್ಯಾಯಿನಿಯರಿಗೆ ಸುಲಭವೇ ಆದರೂ ಅದನ್ನು ಓದುವುದು ವಿದ್ಯಾರ್ಥಿನಿಯರಿಗೆ ಅಷ್ಟು ಸುಲಭವಲ್ಲವೆಂದು ಬಲ್ಲವಳಾದುದರಿಂದ, ಹಲವು ವರ್ಷಗಳಿಂದ ತರಗತಿಯಲ್ಲಿ ಕಲಿಸುತ್ತ ಬಂದಿರುವ ಒಂದು ಚಿಕ್ಕ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅದು ಇಂಗ್ಲೀಷಿನ ನುಡಿಗಟ್ಟುಗಳ ವಿಷಯ.

ಬಿಡಿ ಶಬ್ದಗಳ ಅರ್ಥಗಳನ್ನೆಲ್ಲ ಕೂಡಿಸಿದರೂ ದೊರೆಯದ ಅರ್ಥವುಳ್ಳ ಮಾತೇ ನುಡಿಗಟ್ಟು. ಬೆಕ್ಕೆಂದರೇನು, ನಾಯಿಯೆಂದರೇನು, ಮಳೆಯೆಂದರೇನು ಎಂಬುದನ್ನು ಬಲ್ಲ ಬಾಲಿಕೆಯೂ, ಆಕಾಶದಿಂದ ಬೆಕ್ಕುನಾಯಿಗಳು ಸುರಿದುವೆಂದು ಇಂಗ್ಲೀಷಿನಲ್ಲಿ ಓದಿದಾಗ ಬೆರಗಾಗಿ ನಿಲ್ಲುತ್ತಾಳೆ. ಈ ತೊಡಕನ್ನು ಬಿಡಿಸಲೆಂದು ನಮ್ಮ ಅಂಗಡಿಬೀದಿಗಳಲ್ಲಿ ಮಾರ್ಗದರ್ಶಿಗಳು ಮಾರಾಟಕ್ಕೆ ಉಂಟು. ಅವುಗಳಲ್ಲಿ ಎಡಗಡೆಗೆ ನುಡಿಗಟ್ಟು, ಬಲಗಡೆಗೆ ಅರ್ಥ. ಪರೀಕ್ಷೆಗೆ ಮುಂಚೆ ನಮ್ಮ ಹುಡುಗಿಯರು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಅಂಕಗಳೂ ಬರುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಪಟ್ಟಿಯು ಅರ್ಥವನ್ನು ಹೇಳುತ್ತದೆಯೇ ಹೊರತು ಸಮಯಸಂದರ್ಭವನ್ನು ಹೇಳುವುದಿಲ್ಲ. 'ಕಿಕ್ ದಿ ಬಕೆಟ್' ಎಂಬುದರ ಎದುರಿಗೆ 'ಸಾಯು' ಎಂದು ಅಚ್ಚಾಗಿರುತ್ತದೆ. ಅದನ್ನು ನಂಬಿ ಒಬ್ಬಳು ಗೆಳತಿಯ ಅಜ್ಜಿ ತೀರಿಕೊಂಡಾಗ ಬರೆಯುವ ಸಂತಾಪದ ಪತ್ರದಲ್ಲಿ ಆ ಮಾತನ್ನು ಸೇರಿಸಿದರೆ ಆಗುವ ಅನರ್ಥವನ್ನು ಊಹಿಸಿಕೊಳ್ಳಿರಿ! ಇದನ್ನು ವಿವರಿಸಲು ನಾನು ವ್ಯಾಕರಣದ ಮೊರೆಹೋಗುವುದಿಲ್ಲ. 'ಸಾವಿಗೆ ಕನ್ನಡದಲ್ಲಿ ಎಷ್ಟು ಮಾತುಗಳುಂಟು?' ಎಂದು ಕೇಳುತ್ತೇನೆ. ತೀರಿಕೊಂಡರು, ದೈವಾಧೀನರಾದರು, ಶಿವನ ಪಾದ ಸೇರಿದರು, ಕರ್ತನಲ್ಲಿ ನಿದ್ರೆಹೋದರು ಎಂದು ಮನೆಮನೆಯ ಮಾತುಗಳು ಬರುತ್ತವೆ. ಕಡೆಗೆ ಹಿಂದಿನ ಬೆಂಚಿನಿಂದ ಮೆಲ್ಲನೆ 'ಗೊಟಕ್ಕೆಂದ' ಎಂಬುದೂ ಬಂದೇ ಬರುತ್ತದೆ. ತರಗತಿಯೆಲ್ಲ ನಗುತ್ತದೆ. 'ನಿಮ್ಮ ಅಜ್ಜಿಯ ವಿಷಯದಲ್ಲಿ ಹಾಗೆನ್ನುವಿರಾ?' ಎಂದು ಕೇಳಿದೊಡನೆ ನಗು ನಿಂತುಹೋಗುತ್ತದೆ. ಆ ಮೇಲೆ ಬಕೆಟ್ಟಿನ ಮಾತನ್ನು ಎಲ್ಲಿ ಆಡಬಾರದೆಂದು ಯಾರಿಗೂ ಬೇರೆಯಾಗಿ ಹೇಳಬೇಕಾಗಿಲ್ಲ.

ಎರಡು ಭಾಷೆಗಳೂ ಒಂದೇ ಶಬ್ದಗಳನ್ನು ಬಳಸಿ ವಿರುದ್ಧವಾದ ಅರ್ಥವನ್ನು ಹೇಳುವ ಸ್ಥಳಗಳು ಇನ್ನೂ ಅಪಾಯಕರವಾದುವು. ಇಂಗ್ಲೀಷಿನವನು ನಿಮಗೆ ಒಂದು ಕೈ ಕೊಟ್ಟನೆಂದರೆ ನೆರವಾದನೆಂದರ್ಥ. ಕನ್ನಡದವನು ಕೈ ಕೊಟ್ಟನೆಂದರೆ ನಡುನೀರಿನಲ್ಲಿ ಬಿಟ್ಟುಹೋದನೆಂದರ್ಥ. ಇದಕ್ಕೆ ಪ್ರತಿಯಾಗಿ ಮೂಗು ತೂರಿಸುವ ಕೆಲಸದಲ್ಲಿ ಎರಡು ಜನಾಂಗಗಳಿಗೂ ಭೇದವೇ ಇಲ್ಲ! ಅಲ್ಲಿ ಶಬ್ದವೂ ಒಂದೇ, ಅರ್ಥವೂ ಒಂದೇ.

ಇಲ್ಲಿ ನನ್ನ ಮನಸ್ಸಿಗೆ ಬಹುಕಾಲದಿಂದ ಹತ್ತಿರವಾಗಿರುವ ಒಂದು ಸಂಗತಿಯನ್ನು ಹೇಳಬೇಕು. ನಮ್ಮಲ್ಲಿಗೆ ಎರಡು ಬಗೆಯ ಹುಡುಗಿಯರು ಬರುತ್ತಾರೆ. ಮನೆಯಲ್ಲಿ ಇಂಗ್ಲೀಷನ್ನು ಕೇಳುತ್ತ ಬೆಳೆದ ಪಟ್ಟಣದವರು ಕೆಲವರು. ಸುತ್ತಲಿನ ತಾಲ್ಲೂಕುಗಳ ಹಳ್ಳಿಗಳಿಂದ ಬಂದು ವಿದ್ಯಾರ್ಥಿನಿಲಯದಲ್ಲಿರುವವರು ಕೆಲವರು. ಇಂಗ್ಲೀಷ್ ಪಾಠ ನಡೆಯುವಾಗ ಎರಡನೆಯವರು ಬಾಯಿ ತೆರೆಯುವುದಿಲ್ಲ. ನಗುವರೆಂಬ ಭಯ ಅವರದು, ಮತ್ತು ನಗುವವರೂ ಇರುತ್ತಾರೆ. ಒಮ್ಮೆ 'ಇಫ್ ದಿ ಕ್ಯಾಪ್ ಫಿಟ್ಸ್, ವೇರ್ ಇಟ್' ಎಂಬುದಕ್ಕೆ ಹತ್ತಿರದ ಮಾತನ್ನು ಕೇಳಿದಾಗ ಪಟ್ಟಣದ ಹುಡುಗಿಯೊಬ್ಬಳು, 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂದು ಸರಿಯಾಗಿಯೇ ಹೇಳಿದಳು. 'ಹೆಗಲನ್ನೇ ಏಕೆ ಮುಟ್ಟಿಕೊಂಡ?' ಎಂದು ಕೇಳಿದೆ. ಅವಳಿಗೆ ತಿಳಿಯಲಿಲ್ಲ; ಅವಳ ಸುತ್ತಲಿನವರಿಗೂ ತಿಳಿಯಲಿಲ್ಲ. ಆಗ ವರ್ಷವೆಲ್ಲ ಮೌನವಾಗಿ ಕುಳಿತಿದ್ದ ವಿದ್ಯಾರ್ಥಿನಿಲಯದ ಬಾಲಿಕೆ ಎದ್ದು ನಿಂತು, ಬೂದುಗುಂಬಳಕಾಯಿಯ ಮೈಮೇಲೆ ಬೂದಿಯಂತಹ ಬಿಳಿಯ ಪುಡಿ ಇರುತ್ತದೆಂದೂ, ಕಾಯನ್ನು ಹೊತ್ತವನ ಹೆಗಲಿಗೆ ಅದು ಅಂಟಿಕೊಳ್ಳುತ್ತದೆಂದೂ, ಅದಿನ್ನೂ ಅಲ್ಲಿದೆಯೋ ಎಂದು ಕಳ್ಳ ತಡವಿಕೊಂಡನೆಂದೂ ವಿವರಿಸಿದಳು. ತಾನು ತೋಟದಿಂದ ಅಂತಹ ಕಾಯನ್ನು ಹೊತ್ತು ತಂದವಳು ಅವಳು. ಆ ತರುವಾಯ ಹೊಸದೊಂದು ನುಡಿಗಟ್ಟು ಬಂದಾಗಲೆಲ್ಲ ಇತರರು ಅವಳ ಕಡೆಗೆ ತಿರುಗಿ ನೋಡುತ್ತಿದ್ದರು. ಅವಳ ಇಂಗ್ಲೀಷ್ ಒಂದೇ ದಿನದಲ್ಲಿ ಉತ್ತಮವಾಗಲಿಲ್ಲ. ಆದರೆ ಪ್ರಶ್ನೆ ಕೇಳಲು ಕೈಯೆತ್ತುವುದನ್ನು ಕಲಿತಳು, ಉಳಿದದ್ದು ನಿಧಾನವಾಗಿ ಬಂದಿತು.

ಕುಂಬಳಕಾಯಿಗಿರುವಂತೆ ಇಂಗ್ಲೀಷಿನ ಮಾತುಗಳಿಗೂ ಹುಟ್ಟಿದ ಸ್ಥಳವುಂಟು. ಬೇಕೆಂದೇ ಕಾಣದಂತಿರುವುದಕ್ಕೆ ಅವರು 'ಕುರುಡುಗಣ್ಣನ್ನು ತಿರುಗಿಸುವುದು' ಎನ್ನುತ್ತಾರೆ. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ನೆಲ್ಸನ್ ಎಂಬ ನೌಕಾಧಿಪತಿಯು, ಹಿಂದೆಗೆಯಬೇಕೆಂಬ ಸಂಕೇತವನ್ನು ಕಾಣಬಾರದೆಂದು ದುರ್ಬೀನನ್ನು ದೃಷ್ಟಿಯಿಲ್ಲದ ತನ್ನ ಕಣ್ಣಿಗೆ ಹಿಡಿದನೆಂಬ ಕಥೆ ಅದರೊಡನೆ ಸೇರಿಕೊಂಡಿದೆ. ನಮ್ಮ 'ಜಾಣಕುರುಡು' ಎಂಬ ಮಾತು ಇದೇ ಕೆಲಸವನ್ನು ಯುದ್ಧವಿಲ್ಲದೆ ಒಂದೇ ಶಬ್ದದಲ್ಲಿ ಮುಗಿಸುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದವನನ್ನು 'ಸ್ಟಿಕಿ ವಿಕೆಟ್' ಮೇಲಿರುವವನೆನ್ನುವುದು ಕ್ರಿಕೆಟ್ಟಿನಿಂದ ಬಂದದ್ದು. ಮಳೆಯಲ್ಲಿ ನೆನೆದು ಒಣಗುತ್ತಿರುವ ಅಂಕಣದಲ್ಲಿ ಚೆಂಡು ಹೇಗೆಂದರೆ ಹಾಗೆ ಪುಟಿಯುತ್ತಿತ್ತು. ಈಗ ಅಂಕಣಗಳಿಗೆ ಹೊದಿಕೆ ಹಾಕುವುದರಿಂದ, ಆಟವನ್ನು ಚೆನ್ನಾಗಿ ಬಲ್ಲ ಹುಡುಗಿಯರಿಗೂ ಈ ಮಾತು ಒಗಟಾಗಿದೆ. ಇನ್ನು ಭೂಮಿಯ ಉಪ್ಪು, ಗೋಡೆಯ ಮೇಲಿನ ಬರಹ, ಹಲ್ಲಿನ ಚರ್ಮದಷ್ಟರಲ್ಲಿ ಪಾರಾಗುವುದು, ಇವೆಲ್ಲ ಸತ್ಯವೇದದಿಂದ ಇಂಗ್ಲೀಷಿಗೆ ಇಳಿದವು. ಕಡೆಯದು ಯೋಬನ ಗ್ರಂಥದ್ದು. ಹಲ್ಲಿಗೆ ಚರ್ಮವೆಲ್ಲಿಯದೆಂದು ಪ್ರತಿವರ್ಷವೂ ಒಬ್ಬಳಾದರೂ ಕೇಳುತ್ತಾಳೆ, ಕೇಳಬೇಕಾದದ್ದೇ.

ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣವು ಕಲ್ಲಿದ್ದಲಿಗೆ ಹೆಸರಾಗಿತ್ತಾದುದರಿಂದ, ವ್ಯರ್ಥಶ್ರಮಕ್ಕೆ ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಹೊರುವುದೆಂಬ ಮಾತು ಹುಟ್ಟಿತು. ಇದಕ್ಕೆ ಕನ್ನಡದಲ್ಲಿ ಏನನ್ನುವಿರೆಂದು ಕೇಳಿದಾಗ ಎಂಟನೆಯ ತರಗತಿಯವಳೊಬ್ಬಳು ತಾನೇ ಕಟ್ಟಿ, 'ನಂಜನಗೂಡಿಗೆ ರಸಬಾಳೆ ಹೊತ್ತಂತೆ' ಎಂದಳು. ಇದು ಯಾವ ಮಾರ್ಗದರ್ಶಿಯಲ್ಲಿಯೂ ಇಲ್ಲ. ಪೂರ್ಣಾಂಕ ಕೊಟ್ಟೆನು.

ಪರಭಾಷೆಯನ್ನು ಕಲಿಯುವ ಕಷ್ಟ ನಮ್ಮೊಬ್ಬರದೇ ಎಂದು ತಿಳಿಯಬಾರದು. 1853ರಲ್ಲಿ ಕನ್ನಡನಾಡಿಗೆ ಬಂದ ಜರ್ಮನಿಯ ಕಿಟೆಲ್ ಪಂಡಿತರು ಅನೇಕ ವರ್ಷ ದುಡಿದು ರಚಿಸಿದ ಕನ್ನಡ ಇಂಗ್ಲೀಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಬಿಡಿ ಶಬ್ದಗಳಿಂದ ಭಾಷೆ ತಿಳಿಯದೆಂದು ಅರಿತ ಅವರು ಶಬ್ದಗಳ ಕೆಳಗೆ ಜನರಾಡುವ ಗಾದೆಗಳನ್ನೂ ಸೇರಿಸಿದರು. ತಪ್ಪು ಮಾಡಿದವನು 'ಹೊಟ್ಟೆಗೆ ಹಾಕಿಕೊಳ್ಳಿ' ಎಂದರೆ ಕ್ಷಮೆ ಬೇಡುತ್ತಿದ್ದಾನೆಂದು ಪರದೇಶದವರು ಅರಿಯಲು ಎಷ್ಟು ದಿನ ಬೇಕಾದೀತು, ಯೋಚಿಸಿರಿ. ನಮ್ಮ ಊರಿನಲ್ಲಿಯೇ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಇಂಗ್ಲೀಷ್ ಸಾಹಿತ್ಯದ ಅಧ್ಯಾಪಕರಾಗಿದ್ದೂ ಕನ್ನಡದ ಗಾದೆಗಳನ್ನೂ ಅಜ್ಜಿಯರ ಕಥೆಗಳನ್ನೂ ಸಂಗ್ರಹಿಸಿ, ಎರಡು ಭಾಷೆಗಳಲ್ಲಿಯೂ ಕವಿಗಳೆನಿಸಿದರು.

ಮೊಸಳೆಯ ಕಣ್ಣೀರು, ಬಿಳಿಯಾನೆ ಮುಂತಾದ ಮಾತುಗಳು ಇಂಗ್ಲೀಷಿನವರ ಬಾಯಲ್ಲಿರುವಂತೆಯೇ ನಮ್ಮ ಪತ್ರಿಕೆಗಳಲ್ಲಿಯೂ ಓಡಾಡುತ್ತಿವೆ. ಅವನ್ನು ಯಾರೂ ಹೊರದೂಡಬೇಕಾಗಿಲ್ಲ. ಆದರೆ ಈಚೆಗೆ ಕೆಲವರು ಬೆಳಗ್ಗೆ ಹತ್ತು ಗಂಟೆಗೇ 'ದಿನದ ಕೊನೆಯಲ್ಲಿ' ಎಂದು ಮಾತನ್ನು ಮುಗಿಸುವುದನ್ನು ಕೇಳಿದಾಗ ನನಗೆ ತಾಳ್ಮೆ ತಪ್ಪುತ್ತದೆ. 'ಕಡೆಗೂ' ಎಂಬ ಮೂರಕ್ಷರದ ಮಾತು ಏನು ಅಪರಾಧ ಮಾಡಿತ್ತೋ!

ಇಂಗ್ಲೀಷ್ ಪಾಠದ ವೇಳೆಯಲ್ಲಿ ಕನ್ನಡವನ್ನು ತರುವುದು ಕಾಲಹರಣವೆಂದು ಕೆಲವು ಪೋಷಕರು ಆಕ್ಷೇಪಿಸಿರುವುದುಂಟು. ಸಾವಿರಾರು ರೂಪಾಯಿ ಶುಲ್ಕ ತೆತ್ತವರ ಕಳವಳ ನನಗೆ ಅರ್ಥವಾಗುತ್ತದೆ. ಅವರಿಗೆ ನಾನು ಮಕ್ಕಳ ನೋಟುಪುಸ್ತಕವನ್ನು ತೋರಿಸುತ್ತೇನೆ. ಅದರಲ್ಲಿ ಪ್ರತಿ ನುಡಿಗಟ್ಟಿಗೂ ಅರ್ಥದ ಜೊತೆಗೆ, ಅದನ್ನು ಯಾರು ಯಾರಿಗೆ ಹೇಳಬಹುದು, ಹಿರಿಯರ ಮುಂದೆ ಸಲ್ಲುವುದೋ ಇಲ್ಲವೋ ಎಂಬ ಒಂದು ಸಾಲೂ, ಸ್ವಂತ ವಾಕ್ಯವೂ, ಮನೆಯ ಹಿರಿಯರನ್ನು ಕೇಳಿ ತಂದ ಕನ್ನಡದ ಮಾತೂ ಇರುತ್ತವೆ. ಹೀಗೆ ಕಲಿತವರು ಒಂದು ವಾರಕ್ಕೆ ಐದೇ ನುಡಿಗಟ್ಟುಗಳನ್ನು ಕಲಿಯುತ್ತಾರೆ. ಮಾರ್ಗದರ್ಶಿಯವರು ಒಂದು ರಾತ್ರಿಗೆ ಐವತ್ತನ್ನು. ಆದರೆ ಬೇಸಗೆಯ ರಜೆ ಕಳೆದು ಬಂದ ಮೇಲೆ ಯಾರ ಬಳಿ ಎಷ್ಟು ಉಳಿದಿದೆಯೆಂದು ಕೇಳಿ ನೋಡಬಹುದು.

ಕನ್ನಡದ ಕಡೆಯಿಂದ ಇಂಗ್ಲೀಷಿಗೆ ಹೋಗುವ ಪಟ್ಟಿಯನ್ನೂ ಈಚೆಗೆ ಆರಂಭಿಸಿದ್ದೇವೆ. ಅಡ್ಡಗೋಡೆಯ ಮೇಲೆ ದೀಪವಿಟ್ಟವನಿಗೆ, ಬೇಲಿಯ ಮೇಲೆ ಕುಳಿತಿರುವ ಇಂಗ್ಲೀಷಿನವನು ಜೊತೆಯಾಗಿ ಸಿಕ್ಕಿದ್ದಾನೆ. ಕೋಣನ ಮುಂದೆ ಬಾರಿಸಿದ ಕಿನ್ನರಿಗೆ, ಹಂದಿಗಳ ಮುಂದೆ ಚೆಲ್ಲಿದ ಮುತ್ತು ಸಿಕ್ಕಿದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದರ ಎದುರಿಗೆ ಮಾತ್ರ ಒಂಬತ್ತನೆಯ ತರಗತಿಯವರು ಇನ್ನೂ ಏನನ್ನೂ ಬರೆದಿಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಶಾಲೆಯ ವಿಳಾಸಕ್ಕೆ ಬರೆದು ಕಳುಹಿಸಬೇಕು.