ಕೈ ಎತ್ತದ ಗೆಳೆಯ

ಕ್ಯಾಪ್‌ಕಾಮ್ ಕಂಪನಿಯ 1991ರ 'ಸ್ಟ್ರೀಟ್ ಫೈಟರ್ 2' ವಿಡಿಯೋ ಗೇಮ್ ನಿಮಗೆ ಗೊತ್ತಿರಬಹುದು. ಅದನ್ನೇ ಗಿಸಾಬುರೊ ಸುಗಿಯಿ 1994ರಲ್ಲಿ ಜಪಾನಿನಲ್ಲಿ ಆನಿಮೇ ಚಲನಚಿತ್ರವಾಗಿಸಿದರು. ಹೊಡೆದಾಟವೇ ಇರಬೇಕೆಂದು ನಾನು ಅರೆಮನಸ್ಸಿನಿಂದಲೇ ನೋಡಲು ಕುಳಿತೆ.

ಕಥಾನಾಯಕ ರ್ಯು ಮತ್ತು ಕೆನ್ ಒಬ್ಬನೇ ಗುರುವಿನ ಶಿಷ್ಯರು, ಜೀವದ ಗೆಳೆಯರು. ಖಳನಾಯಕ ಕೆನ್‌ನ ಬುದ್ಧಿಯನ್ನು ವಶಮಾಡಿಕೊಂಡು ರ್ಯುವಿನ ಮೇಲೆ ಛೂ ಬಿಡುತ್ತಾನೆ. ರ್ಯು ಏಟು ತಿನ್ನುತ್ತಾನೆಯೇ ಹೊರತು ಗೆಳೆಯನ ಮೇಲೆ ಕೈ ಎತ್ತುವುದಿಲ್ಲ. ಕೊನೆಗೆ ಕೆನ್‌ಗೆ ಹಳೆಯ ದಿನಗಳು ನೆನಪಾಗುತ್ತವೆ. ಇಬ್ಬರೂ ಸೇರಿ ಖಳನನ್ನು ಸೋಲಿಸುತ್ತಾರೆ.

ಗೇಮಿನಲ್ಲಿ ಹೊಡೆಯದೆ ನಿಂತವನಿಗೆ ಸೋಲು ಖಂಡಿತ. ಚಿತ್ರದಲ್ಲಿ ಹಾಗೆ ನಿಂತವನಿಗೇ ಗೆಳೆಯ ಮರಳಿ ಸಿಕ್ಕ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇಲ್ಲಿ ಗೆಳೆಯರೇ ಬಳಗವಲ್ಲವೇ? ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ, ಮೊದಲು ನೀವೇ ಮಾತನಾಡಿಸಿ.