ದ್ವೀಪಕ್ಕೆ ಕಟ್ಟಿದ ಬುತ್ತಿ

ಮಾರ್ಚ್ ತಿಂಗಳು ಬಂತೆಂದರೆ ಕ್ಯುಪರ್ಟಿನೋದ ಕನ್ನಡ ಮನೆಗಳಲ್ಲಿ ಒಂದೇ ಮಾತು. ‘ಸ್ಪ್ರಿಂಗ್ ಬ್ರೇಕ್‌ಗೆ ಎಲ್ಲಿಗೆ?’ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರ ನಡುವೆ ಕಿವಿಗೊಟ್ಟು ನೋಡಿ. ‘ಹವಾಯಿ’ ಅಂತಾರೆ ಒಬ್ಬರು. ‘ಯಾವ ಐಲ್ಯಾಂಡು?’ ಅಂತಾರೆ ಇನ್ನೊಬ್ಬರು. ಮೂರನೆಯ ಪ್ರಶ್ನೆ ಸಮುದ್ರದ್ದೂ ಅಲ್ಲ, ಜ್ವಾಲಾಮುಖಿಯದ್ದೂ ಅಲ್ಲ. ‘ಅಲ್ಲಿ ಊಟಕ್ಕೆ ಏನು ಮಾಡಿದ್ರಿ?’

ಈ ಪ್ರಶ್ನೆಗೆ ಉತ್ತರ ಕೊಡುವವರಲ್ಲಿ ಎರಡು ಪಂಗಡ. ಒಂದು ರೈಸ್ ಕುಕ್ಕರ್ ಪಂಗಡ. ಇವರು ಹೋಟೆಲ್ ಹುಡುಕುವುದಿಲ್ಲ, ಅಡುಗೆಮನೆ ಇರುವ ಕಾಂಡೋ ಹುಡುಕುತ್ತಾರೆ. ಸಮುದ್ರ ಕಾಣದಿದ್ದರೂ ನಡೆಯುತ್ತದೆ, ಒಲೆ ಕಾಣಬೇಕು. ಇನ್ನೊಂದು ರಿವ್ಯೂ ಪಂಗಡ. ಇವರು ಮೂರು ತಿಂಗಳ ಮುಂಚೆಯೇ ನಕ್ಷತ್ರ ಎಣಿಸಲು ಕೂರುತ್ತಾರೆ. ನಾಲ್ಕೂವರೆ ನಕ್ಷತ್ರಕ್ಕಿಂತ ಕಡಿಮೆ ಇದ್ದರೆ ನೀರನ್ನೂ ಕುಡಿಯುವುದಿಲ್ಲ. ನನ್ನ ಹೆಂಡತಿ ಮೈಸೂರಿನವಳು, ಎರಡನೇ ಪಂಗಡ. ನಾನು ತೀರ್ಥಹಳ್ಳಿ ಕಡೆಯವನು, ಯಾವ ಪಂಗಡವೂ ಅಲ್ಲ, ಯಾರು ಮೊದಲು ಬಡಿಸುತ್ತಾರೋ ಅವರ ಕಡೆ. ಆದರೆ ಆ ವರ್ಷ ಆರು ತಿಂಗಳಿಗೆಂದು ಅಮ್ಮ ಬಂದಿದ್ದರು. ಹಾಗಾಗಿ ಚುನಾವಣೆಯೇ ನಡೆಯದೆ ಕುಕ್ಕರ್ ಪಂಗಡ ಅಧಿಕಾರಕ್ಕೆ ಬಂತು.

‘ಮಾವಿ ಅಂದ್ರೆ ಮಾವಿನಹಣ್ಣಿನ ಊರಾ?’ ಅಂತ ಅಮ್ಮ ಕೇಳಿದರು. ಅಲ್ಲ, ಅದು ದ್ವೀಪದ ಹೆಸರು ಅಂದೆ. ‘ಹೆಸರು ಏನಾದ್ರೂ ಇರಲಿ, ಹೋದ ಕೂಡಲೆ ತಿನ್ನಕ್ಕೆ ಏನಾದ್ರೂ ಬೇಕಲ್ಲ’ ಅಂತ ಸೂಟ್‌ಕೇಸ್ ಬಿಚ್ಚಿ ಕೂತರು. ಪುಳಿಯೋಗರೆ ಗೊಜ್ಜು, ಹುಣಸೆಹಣ್ಣು, ಬೆಲ್ಲ, ಹುರಿದ ರವೆ, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಒಂದು ಸೇರಷ್ಟು ದೋಸೆ ಅಕ್ಕಿ, ಮಡಚಿದ ಸೀರೆಯ ನಡುವೆ ಮಗುವಿನಂತೆ ಮಲಗಿದ ಪುಟ್ಟ ಕುಕ್ಕರ್. ಕರಿಬೇವನ್ನು ಮಾತ್ರ ನಾನು ಹೊರಗೆ ತೆಗೆಸಿದೆ. ಹವಾಯಿಗೆ ಹೋಗುವವರು ಗಿಡ, ಹಸಿ ಎಲೆ, ಬೀಜ ಏನು ತಂದಿದ್ದರೂ ಬರೆದು ಒಪ್ಪಿಸಬೇಕು. ಕರಿಬೇವು ನಿಂಬೆ, ಕಿತ್ತಳೆಯ ಕುಲದ್ದೇ. ನಿಂಬೆ ಜಾತಿಗೆ ರೋಗ ಹರಡುವ ಒಂದು ಸಣ್ಣ ಕೀಟಕ್ಕೆ ಅದರ ಮೇಲೆ ವಿಪರೀತ ಪ್ರೀತಿ. ಆ ಕೀಟದ ದೆಸೆಯಿಂದ ಕ್ಯಾಲಿಫೋರ್ನಿಯಾದ ಒಳಗೇ ಕರಿಬೇವಿನ ಗಿಡ ಸಾಗಿಸಲು ನೂರೆಂಟು ಕಟ್ಟಳೆ. ‘ಒಗ್ಗರಣೆಗೆ ನಾಲ್ಕು ಎಸಳು ಒಯ್ದರೆ ಸರ್ಕಾರ ಬೀಳುತ್ತಾ?’ ಅಂದರು ಅಮ್ಮ. ಬೀಳುವುದಿಲ್ಲ, ಆದರೂ ತೆಗೆಸಿದೆ.

ದ್ವೀಪದಲ್ಲಿ ಊಟದ ಮಾತು ಬಂದದ್ದರಿಂದ ಹೇಳುತ್ತೇನೆ, ನಮಗೆ ಹತ್ತಿರದ ಪ್ರಸಿದ್ಧ ದ್ವೀಪ ಅಲ್ಕಟ್ರಾಝ್. ಊರಿನಿಂದ ನೆಂಟರು ಬಂದರೆ ತೋರಿಸಲೇಬೇಕಾದ ಹಳೇ ಜೈಲು. ಅಲ್ಲಿ ಹೋಟೆಲ್ ಇಲ್ಲ, ತಿಂಡಿ ಏನಿದ್ದರೂ ದೋಣಿಯಲ್ಲಿ ಅಥವಾ ದಕ್ಕೆಯಲ್ಲೇ ಮುಗಿಸಬೇಕು. ಆದರೆ ಜೈಲಿನ ಅಡುಗೆಮನೆಯಲ್ಲಿ ಕೊನೆಯ ದಿನದ, ಅಂದರೆ 1963ರ ಮಾರ್ಚ್ 21ರ, ಬೆಳಗಿನ ತಿಂಡಿಯ ಪಟ್ಟಿಯನ್ನು ಇಂದಿಗೂ ಇಟ್ಟಿದ್ದಾರೆ. ಬೇಯಿಸಿದ ಗೋಧಿ, ಮೊಟ್ಟೆ, ಹಾಲು, ಬೇಯಿಸಿದ ಹಣ್ಣು, ಟೋಸ್ಟು, ಬೆಣ್ಣೆ, ಕಾಫಿ. ಮೊಟ್ಟೆ ಒಂದನ್ನು ಬಿಟ್ಟರೆ ಎಲ್ಲವೂ ನಮಗೆ ಆಗುವಂಥದ್ದೇ. ಅಮ್ಮ ಅದನ್ನು ಓದಿಸಿಕೊಂಡು, ‘ಪರವಾಗಿಲ್ಲ, ಕಳ್ಳರಿಗೆ ಒಳ್ಳೆ ವ್ಯವಸ್ಥೆ ಮಾಡಿದ್ರು’ ಅಂದಿದ್ದರು. ಮುಂದೆ ಮಾವಿಯ ಕೆಲವು ಹೋಟೆಲುಗಳಲ್ಲಿ ಕೂತು ಮೆನು ನೋಡುವಾಗ ನನಗೆ ಆ ಜೈಲೇ ನೆನಪಾಗುತ್ತಿತ್ತು.

ಸ್ಯಾನ್ ಹೋಸೆಯಿಂದ ವಿಮಾನ ಹತ್ತಿದರೆ ಐದು ಗಂಟೆ ಚಿಲ್ಲರೆಯ ಪಯಣ. ಏಪ್ರಿಲ್‌ನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರು ಗಂಟೆ ಹಿಂದೆ. ಇದರ ಅರ್ಥ ಗೊತ್ತಾಗಬೇಕಾದರೆ ಮನೆಯಲ್ಲಿ ಹನ್ನೊಂದು ವರ್ಷದ ಮಗಳಿರಬೇಕು. ಮೊದಲ ದಿನ ನಸುಕಿನ ನಾಲ್ಕಕ್ಕೆ ಎದ್ದು ‘ಹಸಿವು’ ಅಂದಳು. ಅವಳ ಹೊಟ್ಟೆಯಲ್ಲಿ ಆಗಲೇ ಏಳು ಗಂಟೆ. ಆ ಹೊತ್ತಿಗೆ ನಾಲ್ಕೂವರೆ ನಕ್ಷತ್ರದ ಹೋಟೆಲ್ ಇರಲಿ, ಆಕಾಶದ ನಕ್ಷತ್ರಗಳೇ ಇನ್ನೂ ಮಲಗಿರಲಿಲ್ಲ. ಅಮ್ಮ ದೀಪ ಹಾಕಿ, ರವೆ ತೆಗೆದು, ಐದಕ್ಕೆಲ್ಲ ಉಪ್ಪಿಟ್ಟು ಇಳಿಸಿದರು. ನನ್ನ ಹೆಂಡತಿ ಎರಡನೇ ಸಲ ಹಾಕಿಸಿಕೊಂಡಳು. ನಾನು ಏನೂ ಹೇಳಲಿಲ್ಲ. ಸಂಸಾರದಲ್ಲಿ ಇಪ್ಪತ್ತು ವರ್ಷ ಆದವನಿಗೆ ಅಷ್ಟು ತಿಳಿವಳಿಕೆ ಇರುತ್ತದೆ.

ಕಹುಲುಯಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಕಾಸ್ಟ್‌ಕೋ. ವಿಮಾನದಿಂದ ಇಳಿದವರು ಬೀಚಿಗೆ ಹೋಗುವ ಮುಂಚೆ ಅಲ್ಲಿಗೆ ನುಗ್ಗುತ್ತಾರೆ; ನಾವೂ ನುಗ್ಗಿದ್ದೆವು. ಹಾಲಿನ ಬೆಲೆ ನೋಡಿ ಅಮ್ಮ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾರಣ ಸರಳ. ದ್ವೀಪದವರು ತಿನ್ನುವುದರಲ್ಲಿ ಬಹುಪಾಲು ಹಡಗಿನಲ್ಲಿ ಬರಬೇಕು, ಆ ಹಡಗುಗಳಲ್ಲಿ ಎಷ್ಟೋ ನಮ್ಮ ಓಕ್‌ಲ್ಯಾಂಡ್ ಬಂದರಿನಿಂದಲೇ ಹೊರಡುವುದು. ಅಂದರೆ ಕ್ಯುಪರ್ಟಿನೋದಿಂದ ಒಂದು ಗಂಟೆ ದೂರದಲ್ಲಿ ಹಡಗು ಹತ್ತಿದ ಟೊಮೆಟೊವನ್ನು ತಿನ್ನಲು ನಾವು ವಿಮಾನ ಹತ್ತಿ ಬಂದಿದ್ದೆವು.

ಎರಡನೇ ಸಂಜೆ ರಿವ್ಯೂ ಪಂಗಡದ ಪಾಳಿ. ಹೆಸರು ಬೇಡ, ಸೂರ್ಯಾಸ್ತಕ್ಕೆ ಎದುರಾಗಿ ಮೇಜು, ಮೇಜಿನ ಮೇಲೆ ದೀಪ. ‘ವೆಜಿಟೇರಿಯನ್’ ಅಂದಾಗ ಹುಡುಗ ನಗುತ್ತ ತಲೆಯಾಡಿಸಿದ. ನೂಡಲ್ಸ್ ಬಂತು. ಅಮ್ಮ ತಟ್ಟೆಯನ್ನು ಮೂಗಿನ ಹತ್ತಿರ ತಂದರು, ಕೆಳಗಿಟ್ಟರು, ‘ಮಗಾ, ಇದು ಮಲ್ಪೆ ಬಂದರಿನ ವಾಸನೆ’ ಅಂದರು. ಕೇಳಿದರೆ ಸಾಸ್ ಮೀನಿನದಂತೆ. ‘ಮೀನಿನ ತುಂಡು ಹಾಕಿಲ್ಲವಲ್ಲ’ ಎಂಬುದು ಹುಡುಗನ ಪ್ರಾಮಾಣಿಕ ಸಮಾಧಾನ. ಸೂರ್ಯ ಮಾತ್ರ ಚೆನ್ನಾಗಿ ಮುಳುಗಿದ. ಬಿಲ್ಲು ಬಂದ ಮೇಲೆ ನಾನೂ.

ಮೂರನೇ ದಿನದಿಂದ ರುಚಿ ಹತ್ತಿತು. ಹವಾಯಿಯ ಜನ ಅನ್ನದವರು, ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಕಬ್ಬಿನ ತೋಟಗಳ ಕಾಲದಲ್ಲಿ ಕೂಲಿಗೆಂದು ಜಪಾನಿನಿಂದ, ಚೀನಾದಿಂದ, ಪೋರ್ಚುಗಲ್‌ನಿಂದ, ಫಿಲಿಪ್ಪೀನ್ಸ್‌ನಿಂದ ಬಂದವರ ಡಬ್ಬಿಗಳೆಲ್ಲ ಕಲೆತು ‘ಪ್ಲೇಟ್ ಲಂಚ್’ ಆಯಿತು: ಎರಡು ಉಂಡೆ ಅನ್ನ, ಒಂದು ಉಂಡೆ ಮ್ಯಾಕರೋನಿ ಸಲಾಡ್, ಪಕ್ಕದಲ್ಲಿ ಮಾಂಸದ್ದೇನಾದರೂ. ಉಳಿದದ್ದನ್ನು ಬಿಟ್ಟು ಅನ್ನದ ಉಂಡೆಗಳಿಗೆ ಚಟ್ನಿಪುಡಿ ಹಾಕಿಕೊಂಡರೆ ಮಧ್ಯಾಹ್ನ ಕಳೆಯುತ್ತದೆ. ಸಸ್ಯಾಹಾರವನ್ನೇ ಮಾರುವ ‘ಡೌನ್ ಟು ಅರ್ಥ್’ ಅಂಗಡಿಯೂ 1977ರಲ್ಲಿ ಹುಟ್ಟಿದ್ದು ಇದೇ ಮಾವಿಯಲ್ಲಿ. ಅಲ್ಲಿನ ಬಿಸಿ ಊಟದ ಕಟ್ಟೆಯ ಮುಂದೆ ನಿಂತಾಗ ಅಮ್ಮ ಮೊದಲ ಸಲ ವಾಸನೆ ನೋಡದೆ ಬಡಿಸಿಕೊಂಡರು.

ಆದರೆ ಕಥೆ ಶುರುವಾದದ್ದು ಒಂದು ಸಂತೆಯಲ್ಲಿ. ಒಬ್ಬಾಕೆ ಹಬೆಯಾಡುವ ಪಾತ್ರೆಯಿಂದ ಕಡುಹಸಿರು ಪೊಟ್ಟಣಗಳನ್ನು ಇಕ್ಕಳದಲ್ಲಿ ಎತ್ತಿಡುತ್ತಿದ್ದರು. ಅಮ್ಮ ಹತ್ತು ಹೆಜ್ಜೆ ದೂರದಿಂದಲೇ ನಿಂತುಬಿಟ್ಟರು. ‘ಪತ್ರೊಡೆ!’ ಕೆಸುವಿನ ಎಲೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಆ ಬಣ್ಣ, ಆ ವಾಸನೆ. ಪರ್ಸ್ ತೆಗೆದೂ ಆಗಿತ್ತು. ಅದರ ಹೆಸರು ಲೌಲೌ, ಎಲೆಯ ಒಳಗಿರುವುದು ಹಂದಿಮಾಂಸ ಅಂತ ಮಗಳು ಓದಿ ಹೇಳಿದಳು. ಅಮ್ಮನ ಮುಖ ನೋಡಬೇಕಿತ್ತು. ಮದುವೆಮನೆಯಲ್ಲಿ ತನ್ನ ಊರಿನವನೆಂದು ಓಡಿಹೋಗಿ ಕೈ ಹಿಡಿದ ಮೇಲೆ ಬೇರೆ ಯಾರೋ ಎಂದು ಗೊತ್ತಾದವರ ಮುಖ. ಮಾರುವ ಹೆಂಗಸು ಮಾತ್ರ ನಗುತ್ತಾ, ‘ಆಂಟಿ, ಬರೀ ಎಲೆ ಬೇಕಾ? ಆಚೆ ಅಂಗಡಿಯಲ್ಲಿ ಸಿಗುತ್ತೆ’ ಅಂದರು. ಹವಾಯಿಯಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯುವುದು. ಅಮೆರಿಕದಲ್ಲಿ ಅಪರಿಚಿತರೊಬ್ಬರು ಅಮ್ಮನನ್ನು ಹಾಗೆ ಕರೆದದ್ದು ಅದೇ ಮೊದಲು. ಹಂದಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಪ್ರವಾಸಿಗರು ದುಡ್ಡು ಕೊಟ್ಟು ಹೋಗುವ, ಹೂಮಾಲೆ ಹಾಕಿ ಕುಣಿತ ತೋರಿಸುವ ಔತಣಕ್ಕೆ ‘ಲುವಾವ್’ ಅನ್ನುತ್ತಾರಲ್ಲ, ಆ ಶಬ್ದಕ್ಕೆ ಮೂಲದಲ್ಲಿ ಕೆಸುವಿನ ಎಳೆ ಎಲೆ ಎಂದೇ ಅರ್ಥ. ಎಲೆಯ ಹೆಸರು ಔತಣಕ್ಕೆ ಹತ್ತಿತು. ನಮಗೆ ಇದನ್ನು ಬಿಡಿಸಿ ಹೇಳಬೇಕೇ? ‘ಎಲೆ ಹಾಕಿದ್ದಾರೆ, ಏಳಿ’ ಅಂದರೆ ಊಟಕ್ಕೆ ಏಳುತ್ತೇವೆ. ‘ಮದುವೆಗೆ ಎಷ್ಟು ಎಲೆ ಆಯ್ತು?’ ಅಂದರೆ ಜನ ಎಷ್ಟು ಅಂತ ತಿಳಿಯುತ್ತೇವೆ. ನಮ್ಮಲ್ಲಿ ಎಲೆಯ ಮೇಲೆ ಊಟ, ಅವರಲ್ಲಿ ಎಲೆಯ ಒಳಗೆ ಊಟ.

ಕೆಸುವಿನ ಗಡ್ಡೆಯನ್ನು ಬೇಯಿಸಿ, ಜಜ್ಜಿ, ನೀರು ಸೇರಿಸಿ ಮಾಡುವುದು ಪೊಯಿ. ತಿಳಿ ನೇರಳೆ ಬೂದಿ ಬಣ್ಣ, ಅಂಟಂಟು. ಗಟ್ಟಿ ಇದ್ದರೆ ಒಂದು ಬೆರಳಲ್ಲಿ ಎತ್ತಬಹುದು, ಅದಕ್ಕೆ ಒಂದು ಬೆರಳಿನ ಪೊಯಿ ಅಂತ ಹೆಸರು. ತೆಳ್ಳಗಾದಂತೆ ಎರಡು ಬೆರಳು, ಮೂರು ಬೆರಳು. ನಮ್ಮಲ್ಲಿ ಮುದ್ದೆಯಿಂದ ಅಂಬಲಿಯವರೆಗೆ ಇರುವ ದೂರವನ್ನು ಅವರು ಬೆರಳಲ್ಲಿ ಅಳೆದಿದ್ದಾರೆ. ಎರಡು ದಿನ ಇಟ್ಟರೆ ಹುಳಿಯಾಗುತ್ತದೆ. ಹುಳಿಯಾದದ್ದೇ ರುಚಿ ಎನ್ನುವವರೂ ಇದ್ದಾರೆ. ಸೂಟುಬೂಟಿನ ಪ್ರವಾಸಿಗಳು ಗೋಡೆಗೆ ಹಚ್ಚುವ ಅಂಟೆಂದು ಗೇಲಿ ಮಾಡುವುದುಂಟು. ಅವರು ಮುದ್ದೆಯನ್ನೂ ಅಗಿಯಲು ಹೋಗುವವರು, ಬಿಡಿ. ಅಮ್ಮ ಒಂದು ಬೆರಳು ಅದ್ದಿ, ಉಪ್ಪಿನಕಾಯಿಯ ರಸ ತಾಗಿಸಿ ಬಾಯಿಗಿಟ್ಟು, ‘ಬಸ್ಸಾರಿದ್ದಿದ್ರೆ’ ಅಂತ ನಿಟ್ಟುಸಿರು ಬಿಟ್ಟರು. ಬಸ್ಸಾರು ನನ್ನ ಹೆಂಡತಿಯ ಕಡೆಯದ್ದು. ಅತ್ತೆಯ ಬಾಯಲ್ಲಿ ಅದರ ಹೆಸರು ಕೇಳಿ ಅವಳು ತಿರುಗಿ ನೋಡಿದಳು.

ಹವಾಯಿಯವರ ಪುರಾಣದಲ್ಲಿ ಆಕಾಶದ ತಂದೆಗೆ ಹುಟ್ಟಿದ ಮೊದಲ ಗಂಡುಮಗು ಉಳಿಯಲಿಲ್ಲ. ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೇ ಮಗನಿಂದ ಮನುಷ್ಯರಾದರು. ಹಾಗಾಗಿ ಕೆಸು ಅವರಿಗೆ ಅಣ್ಣ. ಪೊಯಿಯ ಬಟ್ಟಲಿನ ಮುಚ್ಚಳ ತೆಗೆದಿರುವಾಗ ಅಣ್ಣ ಕೂತಿದ್ದಾನೆಂದೇ ಲೆಕ್ಕ, ಜಗಳ ಕೂಡದು. ಇದನ್ನು ಮಗಳು ಎಲ್ಲೋ ಓದಿ ಹೇಳಿದ್ದು, ನಾನೂ ನನ್ನ ಹೆಂಡತಿಯೂ ಸಂಜೆಯ ಹೋಟೆಲಿನ ವಿಷಯಕ್ಕೆ ದನಿಯೇರಿಸಿದ್ದಾಗ. ಅಮ್ಮ ತಕ್ಷಣ, ‘ಎಷ್ಟು ಒಳ್ಳೆ ಪದ್ಧತಿ! ನಮ್ಮಲ್ಲಿ ಊಟಕ್ಕೆ ಕೂತಾಗಲೇ ಎಲ್ಲ ಜಗಳ’ ಅಂದರು.

ಈ ಕೆಸು ಅಲ್ಲಿ ತಾನಾಗಿ ಹುಟ್ಟಿದ್ದಲ್ಲ. ಶತಮಾನಗಳ ಹಿಂದೆ ದಕ್ಷಿಣದ ದ್ವೀಪಗಳಿಂದ ಜೋಡಿ ದೋಣಿಗಳಲ್ಲಿ ಬಂದವರು ಜೊತೆಗೆ ತಂದದ್ದು. ತೆಂಗು, ಬಾಳೆ, ಕಬ್ಬು, ಗೆಣಸು, ಅರಿಸಿನ, ನಾವು ದೀವಿಹಲಸು ಎನ್ನುವ, ಮಂಗಳೂರಿನವರು ಜೀಗುಜ್ಜೆ ಎನ್ನುವ ಕಾಯಿಯ ಸಸಿ, ಎಲ್ಲ ದೋಣಿಯಲ್ಲೇ ಬಂದವು. ಎದುರಿಗೆ ಸಿಗುವ ನೆಲದಲ್ಲಿ ತಿನ್ನಲು ಏನಿದೆಯೋ ಗೊತ್ತಿಲ್ಲ. ಇರಲಿ ಅಂತ ಕಟ್ಟಿಕೊಂಡರು. ಅಮ್ಮನ ಸೂಟ್‌ಕೇಸ್ ಕಂಡು ವಿಮಾನ ನಿಲ್ದಾಣದಲ್ಲಿ ನಾನು ಸ್ವಲ್ಪ ದೂರ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಇದು ತಿಳಿದ ಮೇಲೆ ಹತ್ತಿರ ಬಂದೆ.

ಹಾನಾಕ್ಕೆ ಹೋಗುವ ರಸ್ತೆಯಲ್ಲಿ 600ಕ್ಕೂ ಹೆಚ್ಚು ತಿರುವುಗಳು. ಆಗುಂಬೆ ಘಾಟಿಯಲ್ಲಿ ಬೆಳೆದ ಅಮ್ಮನಿಗೆ ಅದು ಲೆಕ್ಕಕ್ಕಿಲ್ಲ. ಹಿಂದಿನ ಸೀಟಿನಲ್ಲಿ ಮಗಳೂ ಅವಳಮ್ಮನೂ ನಿಂಬೆಹುಳಿ ಪೆಪ್ಪರಮೆಂಟು ಚೀಪುತ್ತಿದ್ದರು. ನಡುವೆ ಕೆಯಾನೆ ಎಂಬ ನೆಲದ ಚಾಚು, ಕರೀ ಲಾವಾ ಬಂಡೆಗೆ ಬಡಿಯುವ ಕಡಲು, ಅದರ ಪಕ್ಕದಲ್ಲೇ ನೀರು ನಿಂತ ಕೆಸುವಿನ ಗದ್ದೆಗಳು. ಗದ್ದೆ ಅಂದರೆ ಗದ್ದೆಯೇ, ಬದು, ತೂಬು ಎಲ್ಲ ಇರುವ ಗದ್ದೆ. ಅಮ್ಮ ಕಾರಿನಿಂದಿಳಿದು ಬದುವಿನ ಪಕ್ಕ ಹತ್ತು ನಿಮಿಷ ಸುಮ್ಮನೆ ನಿಂತರು. ಅಲ್ಲಿಯ ಗೂಡಂಗಡಿಯ ಬಾಳೆಹಣ್ಣಿನ ಬ್ರೆಡ್ಡು ಹೆಸರುವಾಸಿ, ಬಿಸಿಬಿಸಿ ಸಿಕ್ಕಿತು. ಮುಂದೆ ಇನ್ನೊಂದು ಕಡೆ ಕುಲೋಲೋ ಎಂಬ ಕಂದು ಬಣ್ಣದ ಚೌಕಗಳು: ತುರಿದ ಕೆಸುವಿನ ಗಡ್ಡೆ, ತೆಂಗಿನಹಾಲು, ಸಕ್ಕರೆ ಸೇರಿಸಿ ಗಂಟೆಗಟ್ಟಲೆ ಬೇಯಿಸಿದ್ದು. ‘ಹಾಲುಬಾಯಿ’ ಅಂದರು ಅಮ್ಮ. ಈ ಸಲ ತಪ್ಪಲಿಲ್ಲ; ಒಳಗೆ ಯಾರೂ ಇರಲಿಲ್ಲ.

ಲಹೈನಾದಲ್ಲಿ ತಿನ್ನುವ ಮಾತಾಡಲಿಲ್ಲ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಆ ಹಳೇ ಊರು ಸುಟ್ಟುಹೋಯಿತು, ನೂರರಷ್ಟು ಜನ ತೀರಿಕೊಂಡರು. 1873ರಲ್ಲಿ ನೆಟ್ಟ ಅಲ್ಲಿನ ಆಲದ ಮರ ಭಾರತದಿಂದ ಬಂದ ಸಸಿ. ಬೆಂಕಿ ಅದನ್ನೂ ಸವರಿತು, ಆಮೇಲೆ ಮರ ಚಿಗುರಿತು. ‘ಬೇರು ಭದ್ರ ಇದೆ’ ಅಂದರು ಅಮ್ಮ, ಅಷ್ಟೆ.

ಕೊನೆಯ ದಿನ ಅಂಗಡಿಯಿಂದ ಎಲೆ ಬಂತು. ಕುಕ್ಕರಿನ ಪಾತ್ರೆಯಲ್ಲಿ ಅಕ್ಕಿ ನೆನೆಯಿತು. ಕಾಂಡೋದ ಮಿಕ್ಸಿಯ ಮೇಲೆ ಪಿನಾ ಕೊಲಾಡಾ ಮಾಡುವ ಕ್ರಮ ಅಂಟಿಸಿದ್ದರು. ಅದೇನೆಂದು ಅಮ್ಮ ಕೇಳಿದರು. ಅನಾನಸ್ ಪಾನಕ ಅಂದೆ, ರಮ್ಮಿನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ. ಅದೇ ಮಿಕ್ಸಿಯಲ್ಲಿ ಅಮ್ಮ ಅಕ್ಕಿ, ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಬೆಲ್ಲ ತರಿತರಿಯಾಗಿ ರುಬ್ಬಿದರು. ಹುಣಸೆಹಣ್ಣನ್ನು ಧಾರಾಳವಾಗಿಯೇ ಹಾಕಿದರು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಕೆಸು ಅಣ್ಣನಾದರೂ ಸ್ವಲ್ಪ ಮುಂಗೋಪಿ. ದಪ್ಪ ನಾರನ್ನು ಚಾಕುವಿನಲ್ಲಿ ಸವರಿ, ಎಲೆಯನ್ನು ಬೋರಲು ಹಾಕಿ, ಬೆರಳಲ್ಲಿ ಹಿಟ್ಟು ಬಳಿದು, ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಅಂಚು ಮಡಚಿ ಚಾಪೆಯಂತೆ ಸುತ್ತಿದರು. ನನ್ನ ಹೆಂಡತಿ ನಾಲ್ಕನೇ ಸುರುಳಿಯನ್ನು ತಾನೇ ಸುತ್ತಿದಳು, ಸ್ವಲ್ಪ ಸಡಿಲವಾಯಿತು, ಅಮ್ಮ ಏನೂ ಹೇಳದೆ ಅದಕ್ಕೊಂದು ದಾರ ಕಟ್ಟಿದರು. ಒಂದು ಗಂಟೆಗೂ ಮಿಕ್ಕಿ ಹಬೆಯಲ್ಲಿ ಬೆಂದಿತು. ಅವತ್ತು ಸಂಜೆ ಯಾವ ಹೋಟೆಲೂ ಬೇಕಾಗಲಿಲ್ಲ.

ಹಿಂತಿರುಗುವಾಗ ಕಹುಲುಯಿಯಲ್ಲಿ ಕೃಷಿ ತಪಾಸಣೆ. ಮುಖ್ಯನೆಲಕ್ಕೆ ಹೋಗುವ ಪ್ರತಿ ಚೀಲವೂ ಆ ಯಂತ್ರದೊಳಗೆ ಹಾಯಬೇಕು. ಅನಾನಸ್, ತೆಂಗಿನಕಾಯಿ ಒಯ್ಯಬಹುದು. ಮಾವು ಕೂಡದು, ಮಣ್ಣು ಕೂಡದು. ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಒದ್ದೆ ಕಾಗದ ಸುತ್ತಿದ, ಮೊಳಕೆಯೊಡೆದ, ಮಣ್ಣು ಮೆತ್ತಿದ ಕೆಸುವಿನ ಗಡ್ಡೆಯೊಂದು ಪರದೆಯ ಮೇಲೆ ಕಾಣಿಸಿಕೊಂಡಿತು. ಯಾವಾಗ ಎತ್ತಿಟ್ಟಿದ್ದರೋ. ‘ಹಿತ್ತಲಲ್ಲಿ ನೆಡಣ ಅಂತ’ ಅಂದರು. ಗಡ್ಡೆ ಅಲ್ಲೇ ಉಳಿಯಿತು. ಸ್ಟೀಲ್ ಡಬ್ಬಿಯನ್ನು ತೋರಿಸಿ ಅಧಿಕಾರಿ ಹೆಂಗಸು, ‘ಲೌಲೌ, ಆಂಟಿ?’ ಅಂದರು. ‘ನೋ ನೋ, ಪತ್ರೊಡೆ. ನೋ ಪೋರ್ಕ್’ ಅಂದರು ಅಮ್ಮ. ಬೆಂದದ್ದಕ್ಕೆ ಅಡ್ಡಿಯಿಲ್ಲ ಅಂತ ಡಬ್ಬಿ ದಾಟಿತು.

ವಿಮಾನ ಏರಿ ಒಂದು ಗಂಟೆಯಾಗಿತ್ತು. ಮುಂದಿನ ವರ್ಷ ಕವಾಯಿಗೆ ಹೋಗೋಣ ಅಂದಳು ನನ್ನ ಹೆಂಡತಿ, ಅಲ್ಲೊಂದು ಒಳ್ಳೆ ಥಾಯ್ ಜಾಗ ಇದೆಯಂತೆ. ಮೊದಲು ಈ ಸಲದ ಕಾರ್ಡ್ ಬಿಲ್ಲು ಬರಲಿ ಅಂದೆ. ‘ಪ್ರತಿ ಸಲ ನಿಮ್ಮದು ಇದೇ ರಾಗ ಕಣ್ರೀ’ ಅಂದಳು. ಯಾರದು ರಾಗ, ಯಾರದು ತಾಳ ಅಂತ ನಾನು ಶುರುಮಾಡುವಷ್ಟರಲ್ಲಿ ನಡುವಿನ ಸೀಟಿನಿಂದ ಟಕ್ಕೆಂದು ಸದ್ದು ಬಂತು, ಹುಳಿಬೆಲ್ಲದ ವಾಸನೆ ಎದ್ದಿತು.

‘ಡಬ್ಬಿ ತೆಗೆದಿದೀನಿ’ ಅಂದರು ಅಮ್ಮ. ‘ಇಬ್ರೂ ಸುಮ್ನಿರಿ.’