ಹೊಗೆಬಂಡಿಯ ಕೂಗು

ತುಮಕೂರಿಗೆ ಹೊಗೆಬಂಡಿಯು ಬಂದುದು 1884ರಲ್ಲಿ. ಅದೇ ವರ್ಷ ಹಳಿಯು ನಮ್ಮ ಗುಬ್ಬಿಯನ್ನೂ ಮುಟ್ಟಿತು. 1889ರಲ್ಲಿ ಹರಿಹರವನ್ನು ಸೇರಿತು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯು ಹುಟ್ಟಿದುದೂ 1884ರಲ್ಲಿಯೇ. ಒಂದೇ ವರ್ಷದಲ್ಲಿ ಊರಿಗೆ ಎರಡು ಕೌತುಕಗಳು ದೊರೆತಂತಾಯಿತು.

ನಮ್ಮ ಬಾಲ್ಯದಲ್ಲಿ, ಎಂದರೆ 1960ರ ಸುಮಾರಿಗೆ, ಮೀಟರ್ ಗೇಜಿನ ಮೇಲೆ ಉಗಿಯ ಎಂಜಿನ್ನುಗಳು ಓಡುತ್ತಿದ್ದುವು. ಕಿಟಕಿಯಲ್ಲಿ ತಲೆಯಿಟ್ಟರೆ ಕಣ್ಣಿಗೆ ಇದ್ದಲ ಪುಡಿ. ಇಳಿಯುವಷ್ಟರಲ್ಲಿ ಬಿಳಿಯ ಅಂಗಿಗೆ ಬೂದಿಬಣ್ಣ. ಇದ್ದಲ ಶಾಖದಲ್ಲಿ ಹತ್ತರಲ್ಲೊಂದು ಪಾಲೂ ಗಾಡಿಯನ್ನೆಳೆಯಲು ಒದಗುತ್ತಿರಲಿಲ್ಲ. ಡೀಸೆಲ್ ಎಂಜಿನ್ನು ಅದರ ಸ್ಥಾನವನ್ನು ಪಡೆದುದು ನ್ಯಾಯವೇ ಸರಿ. 1990ರ ದಶಕದಲ್ಲಿ ಆ ಕಿರಿದಾದ ಹಳಿಯೂ ಹೋಗಿ ಬ್ರಾಡ್ ಗೇಜು ಬಂದಿತು.

ಆದರೂ ಆ ಕೂಗನ್ನು ನಾವು ಮರೆಯಲಾರೆವು. ನಮ್ಮ ತಾಯಿಯವರ ತವರು ಕುಣಿಗಲು. ಅಲ್ಲಿ ಹಳಿಯಿರಲಿಲ್ಲ; ತುಮಕೂರಿನಲ್ಲಿಳಿದು ಮೋಟಾರು ಹಿಡಿಯಬೇಕಾಗಿದ್ದಿತು. ಅಜ್ಜಿಗೆ ದೇಹಾಲಸ್ಯವೆಂದು ಕಾಗದ ಬಂದ ದಿನ ತಾಯಿಯವರು ನಮ್ಮನ್ನು ಕರೆದುಕೊಂಡು ಹೊರಟರು. ಎಂಜಿನ್ನು ನೀರು ಕುಡಿಯುವುದನ್ನು ನೋಡಬೇಕೆಂದು ನಾವು ನಿಲ್ದಾಣದಲ್ಲಿ ಹಟ ಹಿಡಿದೆವು. ಕಡೆಯ ಮೋಟಾರು ತಪ್ಪಿತು. ಮರುದಿನ ತಲಪುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿದ್ದಿತು.

ತಾಯಿಯವರು ಎಂದೂ ನಮ್ಮನ್ನು ಗದರಿಸಲಿಲ್ಲ. ರಾತ್ರಿ ಬಂಡಿಯ ಕೂಗು ಕೇಳಿದಾಗ ಮಾತ್ರ, “ಕುಣಿಗಲಿಗೂ ಒಂದು ರೈಲು ಇದ್ದಿದ್ದರೆ!” ಎನ್ನುತ್ತಿದ್ದರು.

2017ರಲ್ಲಿ ನೆಲಮಂಗಲದ ಕಡೆಯಿಂದ ಕುಣಿಗಲಿಗೆ ರೈಲು ಬಂದಿತು. ಆಗ ತಾಯಿಯವರು ಇರಲಿಲ್ಲ. ನಾವೊಬ್ಬರೇ ಹತ್ತಿ ಹೋದೆವು. ಹೊಗೆಯಿಲ್ಲ, ಇದ್ದಲ ಪುಡಿಯಿಲ್ಲ; ಆದರೂ ಕುಣಿಗಲಿನಲ್ಲಿ ಇಳಿಯುವಾಗ ಕಣ್ಣೊರಸಿಕೊಳ್ಳಬೇಕಾಯಿತು.